ಮೂರನೇ ಸಲಕ್ಕೆ ಕೈ ಚಾಚುವವಳು

ನಮ್ಮ ಮನೆಯಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಗಣಿತ ಎರಡು ಸಲ ಕೈಕೊಟ್ಟ ಮೇಲೆ ಬಂದ ಎಂಜಿನಿಯರಿಂಗ್ ಡಿಗ್ರಿ ಅದು. ಹಾಗಾಗಿ ಕಳೆದ ವರ್ಷ ಟ್ರಯಥ್ಲಾನಿನ ಪಟ್ಟಿಯಲ್ಲಿ ನನ್ನ ಹೆಸರಿನ ಮುಂದೆ ‘ಮುಗಿಸಿಲ್ಲ’ ಎಂದು ಬಂದಾಗ ಹಳೆಯ ಮಾರ್ಕ್ಸ್ ಕಾರ್ಡನ್ನೇ ಮತ್ತೆ ನೋಡಿದಂತಾಯಿತು. ಈ ಮೇ ತಿಂಗಳಲ್ಲಿ ಮತ್ತೆ ಹೆಸರು ಕೊಟ್ಟೆ. ಗೆಲ್ಲುವುದಕ್ಕಲ್ಲ, ಮುಗಿಸುವುದಕ್ಕೆ.

ಸಮುದ್ರದಲ್ಲಿ ಸುಮಾರು ಎರಡು ಕಿಲೋಮೀಟರ್ ಈಜು, ಆಮೇಲೆ ತೊಂಬತ್ತು ಕಿಲೋಮೀಟರ್ ಸೈಕಲ್, ಅದಾದ ಮೇಲೆ ಇಪ್ಪತ್ತೊಂದು ಕಿಲೋಮೀಟರ್ ಓಟ. ಬೆಳಿಗ್ಗೆ ಆರಕ್ಕೆ ಶುರು, ಮಧ್ಯಾಹ್ನ ಎರಡೂವರೆಯೊಳಗೆ ಮುಗಿಯಬೇಕು. ಅಪ್ಪನಿಗೆ ಎಲ್ಲ ವಿವರಿಸಿದೆ. ಅವರು ಮಂಡ್ಯದ ಕಡೆಯಿಂದ ಬಂದು, ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಲ್ಲಿ ಕುಲುಮೆಯ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು.

“ಸೈಕಲ್ ಇಟ್ಕೊಂಡು ಅದನ್ನ ಬುಟ್ಟು ಓಡೋದ್ಯಾಕವ್ವ? ಪಂಚರ್ರಾ?” ಎಂದರು.

ನಗು ಮುಗಿದ ಮೇಲೆ ಒಂದು ಮಾತು ಸೇರಿಸಿದರು. “ಕುಲುಮೆ ಮುಂದೆ ಬರೀ ನೀರು ಕುಡ್ದವ್ನು ಮದ್ಯಾನಕ್ಕೆ ಮಕ್ಕಂಬುಡ್ತಾನೆ. ಉಪ್ಪು ಹಾಕ್ಕೊಂಡು ಕುಡಿ.”

ಗೊತ್ತು ಎಂದೆ. ಗೊತ್ತಿತ್ತು ಕೂಡ, ಓದಿದವಳಲ್ಲವೆ.

ಈಜು ಸಲೀಸಾಗಿ ಆಯಿತು. ನೀರಿನಿಂದ ಎದ್ದಾಗ ಏಳು ಗಂಟೆಯ ಬಿಸಿಲು ಅಷ್ಟರಲ್ಲೇ ಬೆನ್ನು ಹತ್ತಿತ್ತು. ಸಮುದ್ರದ ಪಕ್ಕದ ರಸ್ತೆಯಲ್ಲಿ ಸೈಕಲ್ ಹತ್ತಿದ ಮೇಲೆ ಗಾಳಿಯೂ ಒಲೆಯ ಬಾಯಿಂದ ಬಂದಂತಿತ್ತು. ಅಲ್ಲಲ್ಲಿ ಸ್ವಯಂಸೇವಕರು ಬಾಟಲಿ ಹಿಡಿದು, “ಮೇಡಂ, ಉಪ್ಪು ತಣ್ಣಿ! ಉಪ್ಪು ತಣ್ಣಿ!” ಎಂದು ತಮಿಳಿನಲ್ಲಿ ಉಪ್ಪು ನೀರು ಕೂಗುತ್ತ ನಮ್ಮ ಪಕ್ಕದಲ್ಲೇ ನಾಲ್ಕು ಹೆಜ್ಜೆ ಓಡಿ ಬರುತ್ತಿದ್ದರು. ನಾನು ಪ್ರತಿ ಸಲವೂ, “ವೇಂಡಾಂ, ಇರುಕ್ಕು”, ಬೇಡ, ಇದೆ ಎಂದು ಕೈಯಾಡಿಸಿ ಮುಂದೆ ಹೋದೆ. ಇತ್ತು, ನಿಜ. ಬಿಸಿಯಾದ, ಬರೀ ನೀರು, ಅರ್ಧ ಬಾಟಲಿ.

ಯಾಕೆ ಹಾಗೆಂದೆ ಎಂದರೆ, ಅದು ನನ್ನ ಬಾಯಿ ಹೇಳಿದ್ದು, ನಾನಲ್ಲ. ನಾವು ರೈಲ್ವೆ ಕ್ವಾರ್ಟರ್ಸಿನಲ್ಲಿ ಬೆಳೆದವರು. ಅಮ್ಮನ ಕಟ್ಟಪ್ಪಣೆ ಒಂದಿತ್ತು. ಯಾರ ಮನೆಯಲ್ಲಿ ಏನು ಕೊಟ್ಟರೂ ಮೊದಲ ಸಲಕ್ಕೆ ಬೇಡ ಎನ್ನಬೇಕು. ಎರಡನೇ ಸಲ, ಈಗ ತಾನೆ ಆಯಿತು ಎನ್ನಬೇಕು. ಮೂರನೇ ಸಲವೂ ಕೊಟ್ಟರೆ ತೆಗೆದುಕೊಳ್ಳಬಹುದು. “ಇಲ್ದೋರ ಮನೆ ಮಕ್ಳು ಅಂತ ಯಾರೂ ಅನ್ಬಾರ್ದು” ಎನ್ನುತ್ತಿದ್ದಳು. ಕಾಲೇಜಿನಲ್ಲಿ ಗೆಳತಿಯರು ಗಣಿತದ ನೋಟ್ಸ್ ಬೇಕಾ ಎಂದಾಗಲೂ ಬೇಡ, ಇದೆ ಎಂದಿದ್ದೆ. ಅವರು ಮೂರನೇ ಸಲ ಕೇಳಲಿಲ್ಲ. ಸೈಕಲ್ ಮೇಲೆ ಹೋಗುವವಳನ್ನು ಯಾರು ತಾನೆ ಮೂರು ಸಲ ಕೇಳುತ್ತಾರೆ?

ಓಟದ ಹತ್ತನೇ ಕಿಲೋಮೀಟರಿನ ಹೊತ್ತಿಗೆ ಹನ್ನೆರಡೂವರೆ. ಆ ಬಿಸಿಲಲ್ಲಿ ನನಗೆ ಚಳಿ ಹತ್ತಿತು. ಬೆವರು ನಿಂತು, ತೋಳಿನ ಮೇಲೆ ಉಪ್ಪು ಬೆಳ್ಳಗೆ ಕೂತು, ಕೂದಲು ನಿಮಿರಿ ನಿಂತಿದ್ದವು. ಕಳೆದ ವರ್ಷ ಸ್ಪರ್ಧೆ ಬಿಟ್ಟು ಸೈಕಲ್ಲಿನಿಂದ ಇಳಿಯುವ ಮುಂಚೆಯೂ ಹೀಗೇ ಆಗಿತ್ತು. ಎದುರಿಗೆ ನೀರಿನ ಟೇಬಲ್ಲು. ಅದರಾಚೆ ಬೇವಿನ ಮರದ ಕೆಳಗೆ, ವರ್ಕ್‌ಶಾಪಿನಲ್ಲಿ ಮಾಡುತ್ತಿದ್ದಂತೆ ತಲೆಗೆ ಒದ್ದೆ ಟವೆಲ್ ಸುತ್ತಿಕೊಂಡ ಅಪ್ಪ. ಕಂಕುಳಲ್ಲಿ ನನಗೆಂದು ತಂದ ಮಜ್ಜಿಗೆ ಬಾಟಲಿ. ಹೊರಗಿನವರು ಏನಾದರೂ ಕೊಟ್ಟರೆ ನನ್ನನ್ನು ಸ್ಪರ್ಧೆಯಿಂದ ತೆಗೆಯುತ್ತಾರೆ ಎಂದು ಯಾರೋ ಹೇಳಿದ್ದರಂತೆ. ಹಾಗಾಗಿ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದರು.

ಟೇಬಲ್ಲಿನ ಹೆಂಗಸು ಲೋಟ ಚಾಚಿದಳು. “ವೇಂಡಾಂ ಅಕ್ಕಾ” ಎಂದೆ.

ಅಪ್ಪ ಎದ್ದೇ ಬಿಟ್ಟರು. “ಅವ ವೇಂಡಾಂನುದಾನ್ ಸೊಲ್ಲುವಾಮ್ಮಾ! ಕೇಕ್ಕಾದೀಂಗ!” ಅವಳು ಬೇಡ ಅಂತಲೇ ಹೇಳುತ್ತಾಳೆ, ಕೇಳಬೇಡಿ, ಸುಮ್ಮನೆ ಕೈಗಿಡಿ ಎಂದು ಕೂಗಿದರು. ಆಮೇಲೆ ನನ್ನ ಕಡೆ ತಿರುಗಿ, “ನಿಮ್ಮವ್ವ ಇಲ್ಲಿಲ್ಲ ಕಣೆ, ಈಸ್ಕೊ!” ಎಂದರು.

ಆ ಹೆಂಗಸು ನನ್ನ ಮಣಿಕಟ್ಟು ಹಿಡಿದು ನಿಲ್ಲಿಸಿ, “ಎನ್ನಮ್ಮಾ, ಕಲ್ಯಾಣ ವೀಟ್ಟುಕ್ಕಾ ವಂದಿರುಕ್ಕೆ?” ಎಂದು ಗದರಿದಳು. ಮದುವೆ ಮನೆಗೆ ಬಂದವಳ ಹಾಗೆ ಉಪಚಾರ ಬೇಕಾ ನಿನಗೆ ಎಂದು. ಅಂಗೈಗೆ ಉಪ್ಪು ಸುರಿದಳು, ಟೋಪಿಯೊಳಗೆ ಐಸ್ ತುಂಬಿ ತಲೆಗೆ ಒತ್ತಿದಳು, ಒಂದಾದ ಮೇಲೊಂದು ಮೂರು ಲೋಟ ಕುಡಿಸಿದಳು. ಹತ್ತು ನಿಮಿಷ ನಿಂತೆ. ನಾಚಿಕೆಯಾಯಿತು, ಆದರೆ ಚಳಿ ಹೋಯಿತು.

ಉಳಿದ ಹನ್ನೊಂದು ಕಿಲೋಮೀಟರ್ ಒಂದಿಷ್ಟು ಓಡಿ, ಒಂದಿಷ್ಟು ನಡೆದು ಸಾಗಿಸಿದೆ. ಪ್ರತಿ ಟೇಬಲ್ಲಿಗೂ ಅವರು ಬಾಯಿ ತೆರೆಯುವ ಮೊದಲೇ ಎರಡೂ ಕೈ ಚಾಚಿದೆ. ಮೊದಲ ಸಲ ಚಾಚಿದಾಗ ಅಮ್ಮ ಎಲ್ಲಿಂದಲೋ ನೋಡಿದಂತಾಯಿತು. ಮೂರನೆಯ ಟೇಬಲ್ಲಿನಲ್ಲಿ ಅವಳ ನೆನಪಾಗಲಿಲ್ಲ.

ಗೆರೆ ದಾಟಿದಾಗ ಎರಡೂ ಇಪ್ಪತ್ತು. ಹತ್ತು ನಿಮಿಷ ಉಳಿದಿತ್ತು.

ಅಪ್ಪ ಬಂದು ಪಕ್ಕದಲ್ಲಿ ನಿಂತರು. ಬೆಳಗಿನಿಂದ ಬಿಸಿಲಲ್ಲಿದ್ದವರು, ತುಟಿ ಒಡೆದಿತ್ತು, ಕಂಕುಳಲ್ಲಿನ ಮಜ್ಜಿಗೆ ಹಾಗೇ ತುಂಬಿತ್ತು. ಹುಡುಗಿಯೊಬ್ಬಳು ನಿಂಬೆ ಪಾನಕದ ತಟ್ಟೆ ತಂದು ಮೊದಲು ಅವರಿಗೇ ಹಿಡಿದಳು.

“ವೇಂಡಾಂಮಾ, ಇಪ್ಪದಾನ್ ಕುಡಿಚೇನ್” ಎಂದರು ಅಪ್ಪ, ಈಗ ತಾನೆ ಕುಡಿದೆ ಎಂದು.

ಹುಡುಗಿ ಮುಂದೆ ಹೋಗುತ್ತಿದ್ದಳು. ನಾನು ತಟ್ಟೆಯಿಂದ ಎರಡು ಲೋಟ ಎತ್ತಿ, ಒಂದನ್ನು ಏನೂ ಕೇಳದೆ ಅವರ ಕೈಗಿಟ್ಟೆ. ಒಂದೇ ಉಸಿರಿಗೆ ಕುಡಿದು ಮುಗಿಸಿ, ನನ್ನ ಲೋಟದ ಕಡೆ ನೋಡಿದರು.