ಎರಡು ಬಟ್ಟೆ, ಎರಡು ಚಾಪೆ

ಕಡಲತೀರದ ಅಕಬಾ ಪಟ್ಟಣದಲ್ಲಿ ಅಂಗಳಕ್ಕೆ ಬಟ್ಟೆಯ ನೆರಳು ಕಟ್ಟುವವರು ಹಲವರಿದ್ದಾರೆ, ಆದರೆ ಮುತ್ಲಕ್‌ನಷ್ಟು ತಲೆತಿನ್ನುವವನು ಇನ್ನೊಬ್ಬನಿಲ್ಲ. ಅವನ ತಾಯಿ ಆಡಿನ ಕೂದಲಿನ ಡೇರೆ ನೇಯುತ್ತಿದ್ದವಳು. ಮಗ ಹೊಲಿಯುವುದು ಕಾರ್ಖಾನೆಯ ಬಟ್ಟೆ. ಆದರೂ ತಾಯಿಯಂತೆಯೇ ಪ್ರತಿ ತುಂಡನ್ನೂ ಬಾಯಿಗೆ ಹಿಡಿದು ಊದುತ್ತಾನೆ. ಬಟ್ಟೆಯ ಆಚೆಗಿಟ್ಟ ಅಂಗೈಗೆ ಉಸಿರು ತಾಗಿದರೇ ಅದು ನೆರಳಿಗೆ ಯೋಗ್ಯ.

ನನ್ನ ಚಹಾದಂಗಡಿಯ ಅಂಗಳಕ್ಕೆ ನಾನು ಆರಿಸಿದ್ದು ಪ್ಲಾಸ್ಟಿಕ್ ಲೇಪದ, ಹೊಳೆಯುವ ಬಿಳಿ ಬಟ್ಟೆ.

"ಮಳೆಗೆ ಒಂದು ಹನಿ ಸೋರಲ್ಲ ನೋಡು," ಎಂದೆ.

"ವರ್ಷಕ್ಕೆ ನಾಲ್ಕು ದಿನ ಬರೋ ಮಳೆಗೆ ಹೆದರಿ, ಮಿಕ್ಕ ದಿನ ಗಿರಾಕಿಗಳನ್ನ ಬೇಯಿಸ್ತೀಯಾ, ಅಬೂ ಶಾಹಿರ್?"

"ಅಂಗಳ ನಂದು. ಹೇಳಿದ್ದು ಹೊಲಿ."

ಮುತ್ಲಕ್ ಅಂಗಳದ ಅಳತೆ ತೆಗೆದುಕೊಂಡು ಹೋದ. ಮರುದಿನ ಬೆಳಿಗ್ಗೆ ಬಂದು ಅರ್ಧ ಅಂಗಳಕ್ಕೆ ನನ್ನ ಬಿಳಿ ಬಟ್ಟೆ, ಇನ್ನರ್ಧಕ್ಕೆ ತನ್ನ ಮರಳು ಬಣ್ಣದ ಜಾಳು ಬಟ್ಟೆ ಬಿಗಿದ. ಎರಡರ ಕೆಳಗೂ ಒಂದೊಂದು ಚಾಪೆ ಹಾಸಿ, "ಸಂಜೆ ಬರ್ತೀನಿ, ಆಗ ಹೇಳು," ಎಂದು ಹೋದ.

ನಾನು ಹಟದಿಂದ ಬಿಳಿಯ ಕೆಳಗೇ ಕುಳಿತೆ. ಹತ್ತು ಗಂಟೆಗೆಲ್ಲ ಅಲ್ಲಿ ಗಾಳಿ ಸತ್ತು, ತಲೆಯ ಮೇಲೆ ಬಾಣಲೆ ಕವುಚಿದಂತಾಯಿತು. ಡಾಮಿನೋ ಆಡುವ ಮುದುಕರು ಲೋಟ ಹಿಡಿದು ಒಬ್ಬೊಬ್ಬರೇ ಮುತ್ಲಕ್‌ನ ಬಟ್ಟೆಯ ಕೆಳಗಿನ ಚಾಪೆಗೆ ಸರಿದರು. ಮಧ್ಯಾಹ್ನದ ನಮಾಜು ಮುಗಿಸಿ ಬಂದ ನಾನೂ ಅಲ್ಲೇ ಕುಳಿತು ಅವರ ಆಟಕ್ಕೆ ಸೇರಿದೆ. ಸಮುದ್ರದ ಗಾಳಿ ಮೇಲಿನ ಬಟ್ಟೆಯಿಂದಲೂ ಸೋಸಿ ಬರುತ್ತಿತ್ತು. ಮೂರು ಆಟ ಗೆದ್ದೆ.

ಸಂಜೆ ಮುತ್ಲಕ್ ಬಂದಾಗಲೂ ನಾನು ಅಲ್ಲೇ ಇದ್ದೆ. "ಯಾವ್ದು ಹೊಲೀಲಿ?"

"ಬಿಳೀದೇ," ಎಂದೆ.

"ಆಯ್ತು," ಎಂದು ನಕ್ಕ. "ಮೊದಲು ನನ್ನ ಚಾಪೆ ಬಿಟ್ಟು ಏಳು."