ಮೂರು ಭಾಷೆಯಲ್ಲಿ ಅತ್ತ ಅಭ್ಯರ್ಥಿ

ಖ್ಹೂಂ, ಖ್ಹೂಂ ಎಂದು ಎರಡು ಕೆಮ್ಮು, ಆಮೇಲೆ ಮೈಕಿನ ಒಂದು ಕೀರಲು ಶಿಳ್ಳೆ, ಅದರ ಬೆನ್ನಿಗೇ ಮೂಗೆಳೆದುಕೊಂಡ ಸದ್ದು: ಕಳೆದ ವಾರ್ಡ್ ಚುನಾವಣೆಯೆಂದರೆ ನನ್ನ ಕಿವಿಯಲ್ಲಿ ಉಳಿದಿರುವುದು ಇಷ್ಟೇ. ಮನುಷ್ಯ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಅನಂತರ ಮಾತನಾಡುವುದು, ತೀರ ಅನಿವಾರ್ಯವಾದರೆ ಕೊನೆಗೆ ಅಳುವುದು ಲೋಕರೂಢಿ. ನಮ್ಮ ಗಡಿಯೂರು ಮತ್ತಿಗಿರಿಯ ಅಭ್ಯರ್ಥಿ ತಿಮ್ಮರಾಜು ನಡುವಿನ ಮೆಟ್ಟಿಲನ್ನು ಹಾರಿಬಿಟ್ಟಿದ್ದ. ಗಂಟಲು ಸರಿಹೋದದ್ದೇ ತಡ, ಅಳು.

ಅವನ ರೋದನದ ವಿದ್ವತ್ತನ್ನು ನೀವು ಕೇಳಬೇಕಿತ್ತು. ಫ್ಯಾಕ್ಟರಿಯವರು ಬಾಡಿಗೆಗಿರುವ ಸಾಲಿನಲ್ಲಿ ತಮಿಳಿನಲ್ಲಿ ‘ಉಂಗ ವೀಟ್ಟು ಪಿಳ್ಳೆ’, ಮೂಲೆಯ ಅಂಗಡಿಗಳ ಮುಂದೆ ತೆಲುಗಿನಲ್ಲಿ ‘ಮೀ ಇಂಟಿ ಬಿಡ್ಡ’, ನಮ್ಮ ಬೀದಿಗೆ ತಿರುಗುವಷ್ಟರಲ್ಲಿ ಅಚ್ಚಗನ್ನಡದಲ್ಲಿ ‘ನಿಮ್ಮನೆ ಮಗ’. ಒಂದೇ ಮುಂಜಾನೆಯಲ್ಲಿ ಇಡೀ ವಾರ್ಡಿಗೆ ದತ್ತುಹೋಗುವ ಈ ಮಹಾನುಭಾವನಿಗೆ ಹೆತ್ತ ತಾಯಿಯೂ ಒಬ್ಬಳಿದ್ದಳು. ಆಕೆ ಮಾತ್ರ ಅವನ ತಮ್ಮನ ಮನೆಯಲ್ಲಿದ್ದಳು.

ನನ್ನನ್ನು ಓದಿಸಿದವರು ಕಾನ್ವೆಂಟಿನ ಸಿಸ್ಟರುಗಳು. ಅಲ್ಲಿ ಅಳುವುದಕ್ಕೂ ಒಂದು ಡಿಸಿಪ್ಲಿನ್ ಇತ್ತು: ಕರ್ಚೀಫು ತೆಗೆದುಕೊಂಡು ವರಾಂಡಕ್ಕೆ ಹೋಗಿ, ಕೆಲಸ ಮುಗಿಸಿ, ಮುಖ ತೊಳೆದು ಬಂದು ಕೂರಬೇಕು. ಸಿವಿಕ್ಸ್ ಪಾಠದ ಮತದಾರನೂ ಅಂಥವನೇ. ಗುಣಾವಗುಣಗಳನ್ನು ತೂಗಿ ನೋಡಿ, ಒಣಕಣ್ಣಿನಿಂದ ನಿರ್ಧರಿಸುವ ಪರಮವಿವೇಕಿ. ಅಂಥವನನ್ನು ಈ ವಯಸ್ಸಿನವರೆಗೂ ನಾನು ಮುಖತಃ ಕಂಡಿಲ್ಲ. ಕಂಡದ್ದು ಪಕ್ಕದ ಮನೆಯ ಮುನಿಯಮ್ಮನನ್ನು. ಹೂವಿನ ಹಾರ ಹಿಡಿದು ಗಂಟೆಗಟ್ಟಲೆ ನಿಂತು, ತಿಮ್ಮರಾಜುವಿನ ಕೊರಳಿಗೆ ಹಾಕಿ, ಅವನಿಗಿಂತ ಜಾಸ್ತಿ ಅತ್ತು ಬಂದವಳು ಆಕೆ.

“ಪಾಪ, ಅತ್ಬುಟ್ಟ ಕಣಕ್ಕ. ಅಷ್ಟ್ ದೊಡ್ ಮನ್ಸ, ನಮ್ಮಂಥೋರ ಮುಂದೆ ಅಳ್ತಾನೆ ಅಂದ್ರೆ ಸುಮ್ನೇನಾ?”

“ಅಳೋನಿಗೆ ಓಟು ಹಾಕೋದಾದ್ರೆ ನಿನ್ನ ಮೊಮ್ಮಗನಿಗೇ ಹಾಕು. ಬೆಳಗ್ಗಿಂದ ಅಳ್ತಾ ಇದಾನೆ,” ಎಂದೆ.

“ನಿಂಗೆ ಕರ್ಳೇ ಇಲ್ಲ ಕಣಕ್ಕ. ಇಂಗ್ಲೀಷ್ ಓದಿದ್ರೆ ಇಂಗೇ ಆಗೋದು.”

ಅಳದೆ ನಿಂತವಳೂ ಒಬ್ಬಳಿದ್ದಳು, ರಾಜಮ್ಮ. ಫ್ಯಾಕ್ಟರಿಯೊಂದರ ಪ್ಯಾಕಿಂಗ್ ವಿಭಾಗದಲ್ಲಿ ಕೆಲಸ. ತಗ್ಗಿನ ಸಾಲುಮನೆಗಳ ಕೊನೆಯದರಲ್ಲಿ ವಾಸ. ಮಳೆ ಹಿಡಿದರೆ ಬೀದಿಯ ಚರಂಡಿ ಅವಳ ಹೊಸ್ತಿಲು ದಾಟಿ ಒಳಗೆ ಬರುತ್ತಿತ್ತು. ಮಗಳಿಗೆ ಉಬ್ಬಸ, ಇನ್ನೊಂದು ಮಳೆಗಾಲ ಆ ತೇವದಲ್ಲಿ ಮಲಗಿಸಬೇಡಿ ಎಂದು ಡಾಕ್ಟರು ಹೇಳಿದ್ದರು. ಶಿಫ್ಟು ಮುಗಿಸಿ ಕಚೇರಿ ಕಚೇರಿ ಅಲೆದು, ಯಾವ ಇಂಜಿನಿಯರು ಯಾವ ಮೇಜಿನಲ್ಲಿ ಕೂರುತ್ತಾನೆ, ಯಾವ ಕಾಗದ ಎಲ್ಲಿ ನಿಂತಿದೆ ಎಂಬುದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಳು. ಕೊನೆಗೆ ರೋಸಿ, “ಕೇಳಿ ಕೇಳಿ ಸಾಕಾಯ್ತಮ್ಮ, ನಾನೇ ನಿಂತ್ಬುಡ್ತೀನಿ. ಗೆದ್ರೆ ಮೋರಿ ಆಗ್ತದೆ, ಸೋತ್ರೆ ಮನೆ ಖಾಲಿ ಮಾಡ್ತೀನಿ,” ಎಂದು ನನ್ನ ಮುಂದೆ ನಾಮಪತ್ರ ಹಿಡಿದಳು. ಸೂಚಕರ ಜಾಗದಲ್ಲಿ ನಾನೇ ಸಹಿ ಹಾಕಿದೆ, ಕಾನ್ವೆಂಟಿನ ದುಂಡು ಅಕ್ಷರದಲ್ಲಿ, ಪ್ರಜಾಪ್ರಭುತ್ವವನ್ನು ಸ್ವತಃ ಹೆತ್ತಷ್ಟು ಗಾಂಭೀರ್ಯದಿಂದ.

ರಾಜಮ್ಮನಿಗೆ ಪ್ರಚಾರ ಮಾಡಲು ಬರುತ್ತಿರಲಿಲ್ಲ. ಮನೆಮನೆಗೆ ಹೋಗಿ ಪೈಪಿನ ಅಗಲ, ಇಳಿಜಾರು, ಅರ್ಜಿಯ ಸಂಖ್ಯೆ ಹೇಳುತ್ತಿದ್ದಳು. ಜನ ಆಕಳಿಸುತ್ತಿದ್ದರು. ಚರಂಡಿಯ ವಿಚಾರ ಮಾತನಾಡುವವಳ ಮೈಯಿಂದ ಚರಂಡಿಯೇ ನಾರುತ್ತದೆಂಬಂತೆ ಒಬ್ಬಿಬ್ಬರು ಸೆರಗನ್ನು ಮೂಗಿಗೆ ತಂದದ್ದನ್ನೂ ಕಂಡೆ. ಅವರನ್ನೆಲ್ಲ ಮನಸಾರೆ ತಿರಸ್ಕರಿಸಿದೆ. ತಿರಸ್ಕಾರದಂಥ ಸುಖಾಸನ ಇನ್ನೊಂದಿಲ್ಲ. ಕೂತವರಿಗೆ ಏಳಲು ಮನಸ್ಸಾಗುವುದಿಲ್ಲ.

ಈ ನಡುವೆ ತಿಮ್ಮರಾಜುವಿನ ಕಡೆಯವನೊಬ್ಬ ಮತದಾರರ ಪಟ್ಟಿ ಹಿಡಿದು ಗೇಟಿಗೆ ಬಂದ. “ರಂಗನಾಥ್ ಸಾರ್ ಹೆಸರು ಇನ್ನೂ ಅದೆ. ಇದಾರಾಮ್ಮ?” ಇಲ್ಲ, ತೀರಿಹೋಗಿ ಒಂಬತ್ತು ವರ್ಷವಾಯಿತೆಂದೆ. ಅವನು ನಮ್ಮೆಜಮಾನರ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಗುರುತು ಹಾಕಿಕೊಂಡು ಮುಂದಿನ ಮನೆಗೆ ಹೋದ. ಪಟ್ಟಿ ಶುದ್ಧಿಯಾಗುತ್ತಿದೆ, ಗುಡ್ ಎಂದುಕೊಂಡೆ. ನೋಡಿ, ಎಂಥ ಪ್ರಬುದ್ಧೆ ನಾನು!

ಮತದಾನಕ್ಕೆ ಎರಡು ದಿನವಿದೆ ಎನ್ನುವಾಗ ತಿಮ್ಮರಾಜು ಖುದ್ದಾಗಿ ಬಂದ. ಮೈಕಿಲ್ಲ, ಹಾರವಿಲ್ಲ. ಚಪ್ಪಲಿ ಗೇಟಿನಾಚೆ ಬಿಟ್ಟು ಮೆಟ್ಟಿಲ ಮೇಲೆ ಕೂತ. ನಾನು ಮುಖವನ್ನು ಆದಷ್ಟು ಮದರ್ ಸುಪೀರಿಯರಳ ಮುಖ ಮಾಡಿಕೊಂಡು ನಿಂತಿದ್ದೆ.

“ಓಟು ಕೇಳಕ್ಕೆ ಬಂದಿಲ್ಲಮ್ಮ. ನೀವು ರಾಜಕ್ಕನ ಕಡೆ, ಗೊತ್ತು. ಈ ಮನೆ ಮುಂದೆ ಹೋಗ್ವಾಗೆಲ್ಲ ರಂಗನಾಥ್ ಸಾರ್ ನೆಪ್ಪಾಗ್ತಾರೆ. ಇಸ್ಕೂಲ್ಗೆ ಹೋಗ್ವಾಗ ಸೈಕಲ್ ಟೈರು ಕೂತ್ಬುಟ್ಟಿತ್ತು. ಸಾರ್ ಕರ್ದು, ತಾವೇ ಪಂಪ್ ತಂದು ಗಾಳಿ ಹೊಡ್ಕೊಟ್ರು. ‘ಓದಲಾ, ಚೆನ್ನಾಗಿ ಓದು’ ಅಂದ್ರು. ಓದ್ಲಿಲ್ಲ ನಾನು.”

ಅಷ್ಟೆ. ಎದ್ದು ಹೋದ. ಈ ಬಾರಿ ಅಳಲೂ ಇಲ್ಲ, ಪಾಪಿ.

ನಮ್ಮ ಮನೆಯಲ್ಲಿ ಸೈಕಲ್ ಪಂಪ್ ಇರಲಿಲ್ಲ. ನಮ್ಮೆಜಮಾನರು ಯಾರನ್ನೂ ‘ಲಾ’ ಎಂದವರಲ್ಲ. ನಾಯಿಯನ್ನೂ ಬಹುವಚನದಲ್ಲಿ ಗದರುತ್ತಿದ್ದರು. ಇದಿಷ್ಟೂ ನನಗೆ ಗೊತ್ತಿತ್ತು. ಆದರೆ ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ಎಷ್ಟು ಕಾಲವಾಗಿತ್ತು! ಸಂಜೆಯಾಗುವಷ್ಟರಲ್ಲಿ ಹಿತ್ತಲ ಗೋಡೆಗೆ ಒರಗಿಸಿದ ಒಂದು ಪಂಪು ನನಗೆ ಜ್ಞಾಪಕಕ್ಕೇ ಬಂದುಬಿಟ್ಟಿತು, ಹಸಿರು ಬಣ್ಣದ್ದು. ಬಗ್ಗಿ ಗಾಳಿ ಹೊಡೆಯುತ್ತಿದ್ದ ಅವರ ಬೆನ್ನೂ ಕಂಡಿತು. ಮತಯಂತ್ರದ ಮುಂದೆ ನಿಂತಾಗ ರಾಜಮ್ಮನ ಗುರುತನ್ನು ಸ್ಪಷ್ಟವಾಗಿ ನೋಡಿದೆ. ಬೆರಳು ತಿಮ್ಮರಾಜುವಿನ ಗುಂಡಿ ಒತ್ತಿತು. ಯಂತ್ರ ಉದ್ದಕ್ಕೆ ಕೂಗಿತು.

ಹಿಂದಿರುಗುವಾಗ ಮುನಿಯಮ್ಮ ಜೊತೆಯಾದಳು.

“ನಂದೂ ಆಯ್ತಕ್ಕ. ನಮ್ಮೋರು ಒಂದಿನ ಅವನ ಸೈಕಲ್ಗೆ ಗಾಳಿ ಹೊಡ್ಕೊಟ್ಟಿದ್ರಂತೆ. ಮನೆಗಂಟ ಬಂದು ಹೇಳಿ ಹೋದ, ಪುಣ್ಯಾತ್ಮ.”

ನನ್ನ ಕಾಲು ನಿಂತಿತು. “ನಿಮ್ಮೋರ ಹತ್ರ ಪಂಪ್ ಇತ್ತಾ?”

“ಎಲ್ಲಿತ್ತಕ್ಕ? ಇದ್ದಿದ್ದು ಎತ್ತಿನ ಗಾಡಿ.” ಅಷ್ಟು ಹೇಳಿ ನಕ್ಕಳು. “ಇದ್ರೂ ಇರ್ಬೋದು ಬುಡು. ಸತ್ತೋರ ಹೆಸ್ರೆತ್ತಿ ಒಳ್ಳೆ ಮಾತಾಡ್ದ, ನಂಗಷ್ಟು ಸಾಕು.”

ಪೆನ್ಸಿಲಿನ ಗುರುತು ಬಿದ್ದ ಮನೆಗಳಿಗೆಲ್ಲ ಒಂದೇ ಸೈಕಲ್ಲು ಹೋಗಿಬಂದಿತ್ತು. ನಮ್ಮ ಬೀದಿಯ ಸತ್ತ ಗಂಡಂದಿರೆಲ್ಲ ಸೇರಿ ಹೊಡೆದ ಗಾಳಿಯಲ್ಲಿ ಆ ಟೈರು ಸಿಡಿಯದೆ ಉಳಿದದ್ದೇ ಆಶ್ಚರ್ಯ. ಮುನಿಯಮ್ಮ ಮೋಸ ಹೋದದ್ದು ತಿಳಿದೂ ನಗಬಲ್ಲಳು. ನಾನೋ, ಅದೇ ಕರುಳಿಗಾಗಿ ಅವಳನ್ನು ವಾರಗಟ್ಟಲೆ ಹೀಯಾಳಿಸಿ, ರಾಜಮ್ಮನಿಗೆ ಸಹಿ ಹಾಕಿ ಕೊಟ್ಟ ಮಾತನ್ನೇ ಮುರಿದು ಬಂದಿದ್ದೆ. ವರಾಂಡದಲ್ಲಿ ಅತ್ತು ಮುಗಿಸದ ಅಳುವನ್ನು ಮತಗಟ್ಟೆಗೆ ಒಯ್ದಿದ್ದೆ. ಬುದ್ಧಿವಂತರ ಸೆಂಟಿಮೆಂಟು ಇಸ್ತ್ರಿ ಹಾಕಿಕೊಂಡು ಬರುತ್ತದೆ, ಆದ್ದರಿಂದ ಬಾಗಿಲಲ್ಲಿ ಯಾರೂ ತಡೆಯುವುದಿಲ್ಲ.

ತಿಮ್ಮರಾಜು ಗೆದ್ದ. ರಾಜಮ್ಮ ಸೋತದ್ದು ಸುಮಾರು ನಮ್ಮ ಬೀದಿಯಷ್ಟು ಓಟುಗಳಿಂದ. ಗೆದ್ದವನು ಹಾರದ ಭಾರಕ್ಕೆ ಕತ್ತು ಬಗ್ಗಿಸಿಕೊಂಡು ಜೀಪಿನಲ್ಲಿ ಹೋದ; ಅಂದಿನಿಂದ ಯಾವ ಭಾಷೆಯಲ್ಲೂ ಅತ್ತದ್ದನ್ನು ಕೇಳಿಲ್ಲ.

ಮೂರು ವಾರ ಕಳೆದು, ಮಳೆಗೆ ಮೊದಲೇ, ರಾಜಮ್ಮ ಮನೆ ಖಾಲಿ ಮಾಡಿದಳು. ಸೂಳಗಿರಿಯ ಹತ್ತಿರ ಎತ್ತರದಲ್ಲಿ ಒಂದು ಕೋಣೆ ಸಿಕ್ಕಿತ್ತು. ಡ್ಯೂಟಿಗೆ ಎರಡು ಬಸ್ಸು ಹಿಡಿಯಬೇಕು. ಮಂಚ, ಬೀರು, ಪಾತ್ರೆಗಳ ನಡುವೆ ಮಗಳನ್ನು ಕೂರಿಸಿದ ಟೆಂಪೋ ನನ್ನ ಗೇಟಿನ ಮುಂದೆ ನಿಂತಿತು. ಅವಳು ಇಳಿದು ಬಂದಳು.

“ಹೋಗಿ ಬತ್ತೀನಮ್ಮ. ಬೀದಿಲಿ ಯಾರ್ ಹಾಕುದ್ರು, ಯಾರ್ ಬುಟ್ರು ಅಂತ ನಾನು ಲೆಕ್ಕ ಹಾಕಲ್ಲ. ನಿಮ್ದೊಂದು ಬಿದ್ದದೆ, ಅದು ಗೊತ್ತು. ಅಷ್ಟು ಧೈರ್ಯ ಸಾಕು ನಂಗೆ.”

ಹೇಳಿಬಿಡಬೇಕೆಂದು ಬಾಯಿ ತೆರೆದೆ. ಹೊರಟದ್ದು, “ಗಾಡ್ ಬ್ಲೆಸ್ ಯು.” ಏನನ್ನೂ ಕೊಡುವ ಮನಸ್ಸಿಲ್ಲದಾಗ ನಮ್ಮ ಸಿಸ್ಟರುಗಳು ಬಾಗಿಲಿಗೆ ಬಂದವರಿಗೆ ಹೇಳುತ್ತಿದ್ದ ಮಾತು. ಅವಳು ತಲೆಯಾಡಿಸಿ ಟೆಂಪೋ ಹತ್ತಿದಳು. ತಿರುವಿನಲ್ಲಿ ಮರೆಯಾಗುವವರೆಗೂ ತಾಯಿ ಮಗಳು ಕೈ ಬೀಸುತ್ತಲೇ ಇದ್ದರು. ನಾನೂ ಬೀಸಿದೆ, ಬಲಗೈಯನ್ನು. ಎಡಗೈ ಸೆರಗಿನೊಳಗಿತ್ತು, ತೋರುಬೆರಳಿನ ಉಗುರಿನಲ್ಲಿ ಶಾಯಿ ಇನ್ನೂ ಹೋಗಿರಲಿಲ್ಲ.