ಕೆಂಪಕ್ಷರದ ಮದ್ದಿನ ಪುಸ್ತಕ

ಮದುವೆಯಾಗಿ ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಗೆ ಬಂದಾಗ ನನ್ನ ಟ್ರಂಕಿನಲ್ಲಿ ಕಾನ್ವೆಂಟಿನ ಕಾಲದ ಅರ್ಧ ಸೀಸೆ ಕೆಂಪು ಮಸಿ ಇತ್ತು. ಆ ಮನೆಯಲ್ಲಿ ಅದಕ್ಕೆ ಕೆಲಸ ಸಿಕ್ಕೀತೆಂದು ನಾನು ಎಣಿಸಿರಲಿಲ್ಲ.

ನಮ್ಮ ಮಾವ ದನಗಳಿಗೆ ನಾಟಿ ಮದ್ದು ಕೊಡುತ್ತಿದ್ದರು. ಕಲಿತದ್ದನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಅಂಚಿನಿಂದ ಅಂಚಿಗೆ ಒಂದೇ ಅಳತೆಯ ಅಕ್ಷರ. ಕೆಮ್ಮಿನ ಮದ್ದು ಮುಗಿದ ಸಾಲಿನಲ್ಲೇ ಗೊರಸಿನ ಹುಣ್ಣು ಶುರು. ಯಾವುದು ಎಲ್ಲಿದೆ ಎಂಬುದು ಅವರಿಗೆ ಮಾತ್ರ ಗೊತ್ತು. ಅವರಿಲ್ಲದ ಒಂದು ದಿನ ಪಕ್ಕದ ಮನೆಯ ಎತ್ತಿಗೆ ಹೊಟ್ಟೆ ಉಬ್ಬರಿಸಿತು. ನಾನು ಹಾಳೆ ಮಗುಚಿ ಹುಡುಕುತ್ತಿದ್ದಂತೆಯೇ ಅದು ಸತ್ತುಹೋಯಿತು. ಯಾರೂ ನನಗೊಂದು ಮಾತು ಅನ್ನಲಿಲ್ಲ. ಅದೇ ಕಷ್ಟವಾಯಿತು.

ಮಾವನನ್ನು ಕೇಳಿ ಪುಸ್ತಕವನ್ನು ಹೊಸದಾಗಿ ಬರೆಯಲು ಕೂತೆ. ಗಾಬರಿಯಲ್ಲಿರುವವರ ಕಣ್ಣಿಗೆ ಮೊದಲು ಬೀಳುವುದು ದನದ ಯಾವ ಅಂಗ ಕೆಟ್ಟಿದೆ ಎಂಬುದು. ಹಾಗಾಗಿ ಬಾಯಿ, ಹೊಟ್ಟೆ, ಕಾಲು ಎಂದು ಒಂದೊಂದಕ್ಕೂ ಹೊಸ ಹಾಳೆ. ನೆತ್ತಿಯಲ್ಲಿ ದಪ್ಪನೆಯ ಕೆಂಪಕ್ಷರ. ಅದರ ಕೆಳಗೆ ರೋಗದ ಹೆಸರು ಕಪ್ಪು ಮಸಿಯಲ್ಲಿ, ಅದಕ್ಕಿಂತ ಚಿಕ್ಕದಾಗಿ. ಮದ್ದಿನ ವಿವರ ಸಣ್ಣಕ್ಷರದಲ್ಲಿ, ಎರಡು ಬೆರಳು ಒಳಗೆ ಸರಿಸಿ. ಕಾನ್ವೆಂಟಿನ ಸಿಸ್ಟರ್ ನಮ್ಮಿಂದ ಪಾಠ ಬರೆಸುತ್ತಿದ್ದದ್ದೂ ಹೀಗೆಯೇ.

ಮಾವ ತಿರುವಿ ನೋಡಿದರು. "ಏನಮ್ಮಯ್ಯ, ಅರ್ಧ ಹಾಳೆ ಬೀಳು ಬಿಟ್ಟಿದ್ದೀಯಲ್ಲ. ಯುದ್ಧದ ಕಾಲ, ಕಾಗದ ಸಿಗೋದೇ ಕಷ್ಟ."

"ಸಾಲಿನ ಮಧ್ಯೆ ಜಾಗ ಬಿಡದೆ ರಾಗಿ ಹಾಕಿದ್ರೆ ಕಳೆ ತೆಗೆಯೋ ಕುಂಟೆ ಎಲ್ಲಿ ಆಡುತ್ತೆ ಮಾವ?" ಅಂದೆ.

ಮೀಸೆಯೊಳಗೇ ನಕ್ಕರು. ಆದರೆ ಹಳೆಯದನ್ನೇ ಬಗಲಿಗಿಟ್ಟುಕೊಂಡು ಓಡಾಡಿದರು.

ಅವರೆಕಾಯಿ ಕಾಲ. ಮಾವ ಹತ್ತಿರದ ಚನ್ನರಾಯಪಟ್ಟಣ ಹೋಬಳಿಯ ಕಡೆ ಹೋಗಿದ್ದರು. ಆಗಷ್ಟೇ ಕರು ಹಾಕಿದ್ದ ನಮ್ಮ ಹಸು ಇಬ್ಬನಿ ಆರದ ಅವರೆ ಬಳ್ಳಿ ಮೇದು ಹೊಟ್ಟೆ ನಗಾರಿಯಾಗಿ ನಿಂತಿತು. ನಾನು ಅದರ ಕತ್ತು ಎತ್ತಿ ಹಿಡಿದಿದ್ದೆ, ಕೈ ಬಿಡುವಂತಿರಲಿಲ್ಲ. ಅಕ್ಷರ ಕೂಡಿಸಿ ಕೂಡಿಸಿ ಓದುವ ಅತ್ತೆಗೆ, ಪುಸ್ತಕ ತನ್ನಿ, ಕೆಂಪು ಮಾತ್ರ ನೋಡಿ ಎಂದೆ. ನನಗೆ ಆ ಎತ್ತಿನದೇ ನೆನಪು.

ಅತ್ತೆ ಹಿಂದಿರುಗಿ ಬಂದಾಗ ಅವರ ಬೆರಳು ಹಾಳೆಯ ಮೇಲಿತ್ತು. "ಹೊಟ್ಟೆ," ಎಂದರು. ಬೆರಳು ಕೆಳಗಿಳಿಯಿತು. "ಉಬ್ಬರ." ನನ್ನ ಮುಖದ ಮುಂದೆ ಹಿಡಿದರು, ಮೂರು ಸಾಲು ಓದಿ ಹೇಳಿದೆ. ಎಣ್ಣೆಗೆ ಇಂಗು, ಓಮ ಕಲಸಿ, ಬಿದಿರಿನ ಗೊಟ್ಟದಲ್ಲಿ ಅವರೇ ಕುಡಿಸಿದರು. ಸ್ವಲ್ಪ ಹೊತ್ತಿಗೆ ಹಸು ದೊಡ್ಡದಾಗಿ ತೇಗಿತು.

ಸಂಜೆ ಮಾವ ಬಂದಾಗ ಅದು ಮೆಲುಕು ಹಾಕುತ್ತಿತ್ತು. ಅತ್ತೆ ಪುಸ್ತಕ ತೆರೆದು, ತಾವೇ ಹುಡುಕಿದ ಹಾಳೆಯನ್ನು ಅವರಿಗೆ ತೋರಿಸಿದರು. ಅಷ್ಟು ನೆಟ್ಟಗೆ ಅತ್ತೆ ನಿಂತದ್ದನ್ನು ನಾನು ನೋಡಿರಲಿಲ್ಲ. ನಾನೂ ಹಾಗೆಯೇ ನಿಂತಿದ್ದೆನೇನೋ.

ಮಾವ ಹಸುವಿನ ಬೆನ್ನು ಸವರಿ ಜಗಲಿಯ ಮೇಲೆ ಕೂತರು. ದನದ ಕಾಲಿಗೆ ಯಾರಿಗೂ ಹೇಳಿಕೊಡದ ಒಂದು ಮದ್ದಿದೆ, ಬರೆದುಕೋ ಎಂದರು. ನಾನು ಮಸಿಸೀಸೆ ತಂದೆ.

"ಜಾಗ ಬಿಟ್ಟು ಬರಿ ಕಣಮ್ಮ," ಅಂದರು.